ಅಜ್ಜಿ ಬರೆಯಬೇಡ ಎಂದ ಮಾತು

ನನ್ನ ಅಕ್ಷರ ಚೆನ್ನಾಗಿತ್ತು. ಆ ಕಾಲದಲ್ಲಿ ಇದನ್ನು ಜಂಬಕ್ಕೆ ಹೇಳಿಕೊಳ್ಳುತ್ತಿದ್ದೆ, ಈಗ ಹೇಳುತ್ತಿರುವುದು ಬೇರೆ ಕಾರಣಕ್ಕೆ. ದುರ್ಗದಲ್ಲಿ ನನ್ನ ಸೋದರಮಾವ ಪತ್ರ ಬರೆಯುವವರಾಗಿದ್ದರು. ಕ್ರಯಪತ್ರ, ದಾನಪತ್ರ, ಪಾಲುಪತ್ರ, ಉಯಿಲು ಎಂದು ದಿನಕ್ಕೆ ನಾಲ್ಕಾರು ಅವರ ಕೈಯಿಂದ ಹೊರಡುತ್ತಿದ್ದವು. ಬೇಸಿಗೆ ರಜೆಗೆ ಅವರ ಮನೆಗೆ ಹೋದರೆ ನನ್ನನ್ನು ಕೂರಿಸಿ ಕರಡುಗಳ ನಕಲು ಮಾಡಿಸುತ್ತಿದ್ದರು. ‘ನಮ್ಮ ಹುಡುಗಿ ಅಕ್ಷರ ನೋಡ್ರಿ, ಅಚ್ಚು ಹಾಕಿದಂಗೈತೆ’ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ನಾಲ್ಕು ಬೇಸಿಗೆ ನಕಲು ಮಾಡಿದ್ದಕ್ಕೇ ನಾನು ಅರ್ಧ ವಕೀಲಳಾಗಿಬಿಟ್ಟೆ ಎಂದುಕೊಂಡಿದ್ದೆ. ಅಲ್ಪವಿದ್ಯಾ ಮಹಾಗರ್ವಿ ಎಂಬ ಗಾದೆಯನ್ನು ಮಕ್ಕಳಿಗೆ ಬರೆಸಿದ್ದೆನೇ ಹೊರತು ಅದು ನನ್ನ ಬಗ್ಗೆ ಎಂದು ಗೊತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಮೊದಲ ವರ್ಷಗಳವು. ಟ್ರೇನಿಂಗ್ ಮುಗಿಸಿ ಹೊಸದುರ್ಗ ತಾಲ್ಲೂಕಿನಲ್ಲಿ, ಬಾಗೂರಿನಿಂದ ಆಚೆ ನಡೆದೇ ಹೋಗಬೇಕಾದ ಒಂದು ಹಳ್ಳಿಗೆ ಟೀಚರಾಗಿ ಹೋದೆ. ಇಪ್ಪತ್ತೆರಡು ವರ್ಷ, ಎರಡು ಟೆರಿಲಿನ್ ಸೀರೆ, ಒಂದು ಇಂಕ್ ಪೆನ್ನು. ಊರಿನಲ್ಲಿ ಅರ್ಧ ಜನ ಕುರಿ ಕಾಯುವವರು, ಇನ್ನರ್ಧ ಹೊಲ ಮಾಡುವವರು, ಎರಡೂ ಮಾಡುವವರೂ ಇದ್ದರು. ನಾನು ಬಾಡಿಗೆಗಿದ್ದ ಕೋಣೆಯ ಎದುರುಮನೆ ಒಬ್ಬ ಅಜ್ಜನದು.

ಅಜ್ಜ ಮೂವತ್ತು ವರ್ಷ ಮಂದೆಯ ಹಿಂದೆ ನಡೆದವನು. ಮಳೆ ಹೋದ ಮೇಲೆ ಹಿರಿಯೂರು ಕಡೆಯ ಎರೆ ಹೊಲಗಳಿಗೆ ಕುರಿ ಹೊಡೆದುಕೊಂಡು ಹೋದರೆ ಯುಗಾದಿ ಹೊತ್ತಿಗೆ ವಾಪಸು ಬರುವುದು. ಹಾಗೆ ನಡೆದು ನಡೆದು ಕೆರೆಯ ಕೆಳಗೆ ಎರಡು ಎಕರೆ ಹೊಲ ಕೊಂಡಿದ್ದ. ಅದು ಅವನ ಅಪ್ಪನಿಂದ ಬಂದದ್ದಲ್ಲ, ಕಾಲಿನಿಂದ ಬಂದದ್ದು ಎಂದು ಹೇಳುತ್ತಿದ್ದ. ಮನೆಯಲ್ಲಿ ಅಜ್ಜಿ, ಒಬ್ಬ ಮಗ, ಸೊಸೆ, ಅವರ ನಾಲ್ಕು ಮಕ್ಕಳು. ಇವರೆಲ್ಲರ ಜೊತೆ ಒಬ್ಬಳು ಮಗಳು. ಗಂಡ ತೀರಿಕೊಂಡ ವರ್ಷವೇ ತವರಿಗೆ ಬಂದವಳು, ಮಕ್ಕಳಿಲ್ಲ. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ಕೊಟ್ಟಿಗೆ ಗೋಡೆಗೆ ಒರಗಿ ಉಣ್ಣೆ ನೂಲುತ್ತಾ ಕೂತರೆ ಅಲ್ಲಿ ಒಬ್ಬ ಹೆಂಗಸು ಇದ್ದಾಳೆ ಎಂದೇ ಗೊತ್ತಾಗುತ್ತಿರಲಿಲ್ಲ. ಆ ಮನೆಯಲ್ಲಿ ಅವಳು ಹಾಗೆ ಇರುವುದನ್ನು ಕಲಿತಿದ್ದಳು.

ಅಜ್ಜನಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ದುರ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಹದಿನೈದು ದಿನ ಇಟ್ಟುಕೊಂಡು ನೋಡಿ, ಮನೆಗೆ ಕರೆದುಕೊಂಡು ಹೋಗಿ ಬೇಕಾದ್ದು ತಿನ್ನಲು ಕೊಡಿ ಎಂದರು. ಆ ಮಾತಿನ ಅರ್ಥ ಊರಿನ ಎಲ್ಲರಿಗೂ ಗೊತ್ತಾಯಿತು, ಅಜ್ಜನಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು. ಪಡಸಾಲೆಯಲ್ಲಿ ಮಂಚ ಹಾಕಿ ಮಲಗಿಸಿದರು. ಅವನ ಹೇಲುಚ್ಚೆ ಬಳಿದವಳು, ಅಂಬಲಿ ಕುಡಿಸಿದವಳು, ಬೆನ್ನಿಗೆ ಹುಣ್ಣಾಗದ ಹಾಗೆ ಹೊರಳಿಸಿದವಳು ಅಕ್ಕ.

ಸೊಸೆ ಕೆಟ್ಟವಳಲ್ಲ, ಬಾಯಿ ಮಾತ್ರ ಸ್ವಲ್ಪ ಚೂಪು. ಒಂದು ದಿನ ಬಾವಿಯ ಹತ್ತಿರ ಯಾರಿಗೋ ಹೇಳುತ್ತಿದ್ದಳು: ‘ಮುದುಕ ಇರೋಗಂಟ ಆಕಿ ಇರ್ತಾಳೆ. ಆಮ್ಯಾಲೆ ಆಕಿನ್ನ ನಾವೆಲ್ಲಿ ಇಟ್ಕಳಾಣ?’ ಅಕ್ಕ ಕೊಡ ಹೊತ್ತು ಹಿಂದೆಯೇ ನಿಂತಿದ್ದಳು. ಆ ಮಾತು ಆ ಸಂಜೆಯೇ ಅಜ್ಜನ ಕಿವಿಗೂ ಬಿದ್ದಿರಬೇಕು. ಮಾರನೇ ದಿನ ಭಾನುವಾರ, ಬೆಳಿಗ್ಗೆ ಅವನ ಮಗನೇ ಬಂದು ನನ್ನ ಬಾಗಿಲಲ್ಲಿ ನಿಂತ. ‘ಅಪ್ಪ ಕರೀತೈತೆ ಟೀಚರಮ್ಮ, ಬಿಳೀ ಹಾಳೆ ತಗಂಡು ಬರಬೇಕಂತೆ’ ಎಂದ.

ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಸಾಯುವ ಮನುಷ್ಯನೊಬ್ಬ ಉಯಿಲು ಬರೆಸುತ್ತಿದ್ದಾನೆ, ಬರೆಯಲು ಹೊಸದುರ್ಗದಿಂದ ಯಾರನ್ನೂ ಕರೆಸದೆ ನನ್ನನ್ನು ಕರೆದಿದ್ದಾನೆ. ಉಯಿಲಿಗೆ ಛಾಪಾ ಕಾಗದ ಬೇಡ, ರಿಜಿಸ್ಟರೂ ಬೇಡ, ಬರೀ ಬಿಳಿ ಹಾಳೆಯ ಮೇಲೆ ಬರೆದು ಇಬ್ಬರು ಸಾಕ್ಷಿ ರುಜು ಹಾಕಿದರೆ ನಡೆಯುತ್ತದೆ ಎಂದು ಮಾವ ಹೇಳಿದ್ದು ನೆನಪಿತ್ತು. ಪೆನ್ನಿಗೆ ಇಂಕು ತುಂಬಿಸಿಕೊಂಡು ಹೋದೆ.

‘ಬರ್ರಿ, ಕುಂತ್ಕಳ್ರಿ. ಬರೇ ನೆಲದ ಮ್ಯಾಲೆ ಬ್ಯಾಡ, ಕಂಬಳಿ ಮ್ಯಾಲೆ ಕುಂತ್ಕಳ್ರಿ’ ಎಂದ ಅಜ್ಜ. ಸಾಕ್ಷಿಗೆಂದು ಗುಡಿಯ ಪೂಜಾರಿಯೂ ಪಕ್ಕದ ಮನೆಯ ಯಜಮಾನನೂ ಬಂದು ಕೂತಿದ್ದರು. ಮಗ ಕಂಬಕ್ಕೆ ಒರಗಿ ಕೂತಿದ್ದ. ಅಜ್ಜಿ ಅಡುಗೆಮನೆಯ ಬಾಗಿಲ ಹಿಂದೆ. ಅಕ್ಕ ಎಂದಿನ ಜಾಗದಲ್ಲಿ ನೂಲುತ್ತಿದ್ದಳು, ಆದರೆ ಅವತ್ತು ಎಳೆ ಮತ್ತೆ ಮತ್ತೆ ಹರಿಯುತ್ತಿತ್ತು.

‘ಮೊದ್ಲು ದೇವರದ್ದು ಬರ್ಕಳ್ರಿ’ ಎಂದ. ಗುಡ್ಡದ ದೇವರಿಗೆ ಮುಡಿಪು ಬಿಟ್ಟಿದ್ದ ಟಗರು ದೇವರಿಗೇ ಸೇರಬೇಕು, ಅದನ್ನು ಯಾರೂ ಮಾರಬಾರದು. ತಾಮ್ರದ ಹಂಡೆ ಅಜ್ಜಿಗೆ. ಕರಿ ಕಂಬಳಿ ಮಗನಿಗೆ. ಕುರಿ ಉಣ್ಣೆ ಕತ್ತರಿಸುವ ಕತ್ತರಿಯೂ ಮಗನಿಗೆ, ಆದರೆ ತುಕ್ಕು ಹಿಡಿಸಿದರೆ ಅವನ ಅಪ್ಪ ಅಲ್ಲಿಂದಲೇ ಬಯ್ಯುತ್ತಾನೆ ಎಂದೂ ಬರೆಯಬೇಕಂತೆ. ಬರೆದೆ. ನಾಯಿ ಯಾರಿಗೆ ಎಂದು ಪೂಜಾರಿ ಕೇಳಿದ. ‘ನಾಯಿ ಯಾರಿಗೂ ಕೊಡಾದಲ್ಲ ಕಣಪ್ಪ, ಅದು ಯಾರ ಹಿಂದೆ ಹೋಗ್ತೈತೋ ಅವರದು’ ಎಂದ ಅಜ್ಜ.

ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿದ. ನೋವು ಬಂದಿರಬೇಕು ಎಂದುಕೊಂಡೆ. ‘ಒಂದು ಹೆಣ್ಣುಕುರಿ ಹಿರಿಯೂರು ಕಡೀಗೆ ಕಳಿಸಬೇಕು’ ಎಂದ. ಹಳೆಯ ವಿಷಯವಂತೆ. ಒಂದು ಮುಂಜಾನೆ ಅವನಿಗೆ ನಿದ್ದೆ ಹತ್ತಿ ಮಂದೆ ಒಬ್ಬ ಗಂಡನಿಲ್ಲದ ಹೆಂಗಸಿನ ಹುರುಳಿ ಹೊಲಕ್ಕೆ ನುಗ್ಗಿ ಅರ್ಧ ಮೇದುಬಿಟ್ಟಿತ್ತು. ‘ಆಕಿ ಎದ್ದು ಬರಾದ್ರಾಗೆ ಮಂದೆ ದಾಟಿಸಿಬಿಟ್ಟೆ. ಯಾರ ಕುರಿ ಅಂತ ಆಕಿ ಊರೆಲ್ಲ ಕೇಳಿದ್ಲಂತೆ. ನಾನು ಅದೇ ಊರಾಗೆ ಚಾ ಕುಡೀತಿದ್ದೆ, ಹೇಳಲಿಲ್ಲ.’ ಊರಿನ ಹೆಸರು, ಹೊಲದ ಪಕ್ಕದ ಹುಣಸೆಮರ ಎಲ್ಲ ಹೇಳಿದ. ಇದನ್ನು ಬರೆಯುವಾಗ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಇಷ್ಟು ಸಣ್ಣದಕ್ಕೆ ಒಂದು ಕುರಿಯೇ ಎಂದು.

ಕೊನೆಗೆ ಮಗಳ ಹತ್ತಿರ ಬಂದ. ಅವಳಿಗೆ ಹನ್ನೆರಡು ಹೆಣ್ಣುಕುರಿ. ಕೊಟ್ಟಿಗೆಯ ಪಕ್ಕದ ಕೋಣೆ. ಕೆರೆ ಕೆಳಗಿನ ಎರಡು ಎಕರೆ. ಮಗನಿಗೆ ಉಳಿದ ಮಂದೆ, ಮನೆ, ಪಿತ್ರಾರ್ಜಿತ ಬೆದ್ದಲು ಹೊಲ ಎಲ್ಲ ಇತ್ತು. ಅವನು ಕಂಬಕ್ಕೆ ಒರಗಿದವನು ಹೂಂ ಎಂದ. ಅಕ್ಕನನ್ನು ನೋಡಿ ಅಜ್ಜ ‘ಏನವ್ವ, ಸಾಕಾ?’ ಎಂದು ಕೇಳಿದ. ‘ಹೊಲ ಗಿಲ ಇರ್ಲಿ ಬಿಡಪ್ಪ. ಬಾಗಿಲು ಹಾಕ್ಕಳಾಕೆ ಒಂದು ಕೋಣೆ ಇದ್ರೆ ಸಾಕು’ ಎಂದಳು. ‘ಬಾಗಿಲು ಹಾಕ್ಕಂಡು ಏನು ಉಣ್ತೀಯ, ಬಾಗಿಲು ಉಣ್ತೀಯ?’ ಎಂದು ಅಜ್ಜ ರೇಗಿದ. ಅವನು ರೇಗಿದ್ದು ನೋಡಿ ಎಲ್ಲರಿಗೂ ಸ್ವಲ್ಪ ಸಮಾಧಾನವಾಯಿತು.

ಎಲ್ಲ ಬರೆದುಕೊಂಡು ಮೊದಲಿನಿಂದ ಗಟ್ಟಿಯಾಗಿ ಓದಲು ಶುರು ಮಾಡಿದೆ. ಮಾವನ ಕರಡಿನಲ್ಲಿ ‘ನನ್ನ ಮರಣಾನಂತರ’ ಎಂದಿರುತ್ತಿತ್ತು. ಅಜ್ಜನಿಗೆ ಅರ್ಥವಾಗಲಿ ಎಂದು ನಾನು ಸರಳ ಮಾಡಿದ್ದೆ: ‘ನಾನು ಸತ್ತ ಮೇಲೆ ಈ ಕೆಳಗೆ ಹೇಳಿದಂತೆ ನಡೆಯತಕ್ಕದ್ದು.’

ಅಡುಗೆಮನೆಯಿಂದ ಅಜ್ಜಿ ಹೊರಗೆ ಬಂದಳು. ‘ನಿಲ್ಸು ತಾಯಿ. ಏನಂತ ಓದಿದೆ?’

ನಾನು ಮತ್ತೆ ಓದಿದೆ, ಪೆದ್ದಿ.

‘ಉಸಿರಾಡ್ತಿರೋ ಮನುಷ್ಯನ್ನ ಕಾಗದದ ಮ್ಯಾಲೆ ಸಾಯಿಸ್ತೀಯಾ?’ ಎಂದಳು ಅಜ್ಜಿ. ಸೆರಗಿನೊಳಗಿಂದ ತಾಳಿ ತೆಗೆದು ಎರಡೂ ಕಣ್ಣಿಗೆ ಒತ್ತಿಕೊಂಡಳು. ‘ಇದು ಇನ್ನ ನನ್ನ ಕೊರಳಾಗೈತೆ. ಇದು ಇರೋಗಂಟ ಈ ಮನ್ಯಾಗೆ ಆ ಮಾತು ಬರ್ಯಾಕೆ ನಾನು ಬಿಡಲ್ಲ. ಬೇಕಾರೆ ಹಾಳೆ ಹರೀತೀನಿ.’ ಹೇಳುತ್ತಾ ಹೇಳುತ್ತಾ ನೆಲಕ್ಕೆ ಕೂತು ಅಳಲು ಶುರು ಮಾಡಿದಳು.

‘ಲೇ, ನಾನು ಸಾಯಾದು ಆ ಕಾಗದ ಓದಿ ಅಲ್ಲ ಕಣೇ’ ಎಂದ ಅಜ್ಜ. ಅವಳು ಕೇಳಲಿಲ್ಲ. ಪೂಜಾರಿ ಗಂಟಲು ಸರಿ ಮಾಡಿಕೊಂಡು, ‘ಆಯಮ್ಮ ಹೇಳಾದೂ ಖರೇನೇ. ಅಸ್ತು ದೇವತೆಗಳು ತಿರುಗಾಡ್ತಿರ್ತಾವೆ. ಇಂಥ ಮಾತಿಗೆ ಅಸ್ತು ಅಂದ್ಬಿಟ್ರೆ ಏನು ಮಾಡಾಣ?’ ಎಂದ. ಮನೆಯೊಳಗೆ ಕೆಟ್ಟದ್ದು ಆಡಿದರೆ ಮೇಲೆ ಹೋಗುತ್ತಿರುವ ದೇವತೆ ಹಾಗೇ ಆಗಲಿ ಎಂದುಬಿಡುತ್ತದೆ ಎಂಬುದು ನನ್ನ ತಾಯಿಯೂ ಹೇಳುತ್ತಿದ್ದ ಮಾತೇ. ಮಗ ತಲೆ ತಗ್ಗಿಸಿದ. ಅಕ್ಕ ಕದಿರು ಕೆಳಗಿಟ್ಟು ಬಂದು ಅಮ್ಮನ ಬೆನ್ನು ಸವರಿದಳು, ‘ಬ್ಯಾಡ ಬಿಡವ್ವ, ಬರೆಯಾದೇ ಬ್ಯಾಡ’ ಎಂದಳು. ಅಜ್ಜ ಸುಸ್ತಾಗಿ ಕಣ್ಣು ಮುಚ್ಚಿದ. ‘ಹೆಂಗಾರ ಬರೀರಿ ಟೀಚರಮ್ಮ. ಆಕಿ ಅಳಾದು ನಿಲ್ಲಂಗೆ ಬರೀರಿ.’

ಆಗ ನನಗೆ ಬುದ್ಧಿ ಓಡಿತು. ಓಡಬಾರದಿತ್ತು.

ಆ ಹಾಳೆ ಹರಿದು ಹೊಸ ಹಾಳೆ ತೆಗೆದೆ. ಮೇಲೆ ಶ್ರೀ ಎಂದು ಮಾತ್ರ ಬರೆದೆ, ಉಯಿಲು ಎಂಬ ತಲೆಬರಹ ಕೂಡ ಬಿಟ್ಟೆ. ‘ನಾನು ಸತ್ತ ಮೇಲೆ’ ಎಂದಿದ್ದ ಕಡೆ ‘ಈ ದಿನದಿಂದಲೇ ಕೊಟ್ಟಿರುತ್ತೇನೆ, ಈ ದಿನದಿಂದಲೇ ಸ್ವಂತವಾಗಿ ಅನುಭವಿಸಿಕೊಂಡು ಬರತಕ್ಕದ್ದು’ ಎಂದು ಬರೆದೆ. ಮಾವನ ಯಾವುದೋ ಬೇರೆ ಕರಡಿನಲ್ಲಿ ನಕಲು ಮಾಡಿದ್ದ ಸಾಲದು, ಕೇಳಲು ಗಂಭೀರವಾಗಿತ್ತು. ಓದಿದೆ. ಅಜ್ಜಿ ಕಣ್ಣೊರೆಸಿಕೊಂಡು, ‘ಹಿಂಗೆ ಬರೀಬೇಕು ನೋಡು ತಾಯಿ’ ಎಂದಳು. ಪೂಜಾರಿ ತಲೆದೂಗಿದ. ಇಬ್ಬರೂ ಸಾಕ್ಷಿಗಳು ರುಜು ಹಾಕಿದರು, ಅಜ್ಜ ಹೆಬ್ಬೆಟ್ಟು ಒತ್ತಿದ. ಸಾವಿನ ಸುದ್ದಿಯಿಲ್ಲದೆ ಉಯಿಲು ಬರೆದ ನನ್ನ ಜಾಣತನಕ್ಕೆ ನಾನೇ ಬೆರಗಾಗಿದ್ದೆ.

ಅಜ್ಜ ಆ ಸಾಲನ್ನು ಮತ್ತೊಮ್ಮೆ ಓದಿಸಿದ. ‘ಈ ದಿನದಿಂದ ಅಂತ ಬರ್ದೀರಲ್ಲ, ಹಂಗಾರೆ ಇವತ್ತೇ ಆಗ್ಬೇಕು. ಲೇ, ಕುರಿ ಹಿಡ್ಕಂಬಾ’ ಎಂದು ಮಗನಿಗೆ ಹೇಳಿದ.

ಅವರಲ್ಲಿ ಕುರಿ ಯಾರದು ಎಂಬುದನ್ನು ಕಿವಿ ಹೇಳುತ್ತದೆ. ಮನೆಮನೆಗೂ ಒಂದು ಗುರುತು. ಈ ಮನೆಯದು ಎಡಗಿವಿಗೆ ಉದ್ದಕ್ಕೆ ಒಂದು ಸೀಳು. ಮಗಳಿಗೆ ಕುರಿ ಕೊಟ್ಟರೆ ಬಲಗಿವಿಯ ಅಂಚಿನಲ್ಲಿ ಎರಡು ಕಚ್ಚು ಹೆಚ್ಚಿಗೆ ಹಾಕುತ್ತಾರೆ, ಅಲ್ಲಿಗೆ ಅದು ಮಂದೆಯಲ್ಲೇ ಮೇದರೂ ಅವಳದು. ಹಾಗೆ ಗುರುತು ಹಾಕುವಾಗ ಕುರಿಯನ್ನು ಅದುಮಿ ಹಿಡಿಯುವವನು, ಮುಂದೆ ಆ ಕುರಿಯನ್ನು ತನ್ನದೆಂದು ಕೇಳಬಹುದಾದ ಗಂಡಸೇ ಆಗಿರಬೇಕು. ಹಿಡಿದ ಮೇಲೆ ಅವನು ಬಾಯಿ ಬಿಡುವಂತಿಲ್ಲ.

ಮಗ ಒಂದೊಂದಾಗಿ ಹನ್ನೆರಡು ಕುರಿ ಮಂಚದ ಹತ್ತಿರ ತಂದು ಹಿಡಿದ. ಅಜ್ಜನನ್ನು ಅಕ್ಕ ಬೆನ್ನಿಗೆ ಆತುಕೊಂಡು ಕೂರಿಸಿದಳು. ಎದ್ದು ಕೂರಲಾರದ ಮನುಷ್ಯ ಹನ್ನೆರಡು ಕಿವಿಗೂ ತಾನೇ ಕಚ್ಚು ಹಾಕಿದ. ರಕ್ತ ಕಂಬಳಿಯ ಮೇಲೆ ಬಿತ್ತು. ಕೊನೆಯ ಕುರಿ ಬಿಟ್ಟ ಮೇಲೆ ಹಿಂದಕ್ಕೆ ಒರಗಿ ನನ್ನ ಕಡೆ ನೋಡಿದ.

‘ಕುರಿಗೆ ಓದಾಕೆ ಬರಲ್ಲ, ಅದಕ್ಕೆ ಕಿವಿ ಹರಿದೆ. ಹೊಲಕ್ಕೆ ಕಿವಿ ಎಲ್ಲೈತೆ? ಅದನ್ನ ನಿಮ್ಮ ಕಾಗದ ನೋಡ್ಕಳ್ಳಲಿ.’

ಈ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಒಂಬತ್ತನೇ ದಿನ ಅಜ್ಜ ಹೋದ. ಹೊಲದ ಬದುವಿನಲ್ಲೇ ಮಣ್ಣು ಮಾಡಿದರು. ದಿನಕರ್ಮ ಮುಗಿದ ಮೇಲೆ ಅವನು ಹೇಳಿದ್ದು ಒಂದೊಂದೇ ನಡೆಯುತ್ತಾ ಬಂತು. ಟಗರು ಗುಡ್ಡಕ್ಕೆ ಹೋಯಿತು. ಮಗ ಕಂಬಳಿ ಹೊದ್ದುಕೊಂಡ, ಕತ್ತರಿಗೆ ಎಣ್ಣೆ ಹಚ್ಚಿ ಸೂರಿಗೆ ಸಿಕ್ಕಿಸಿದ. ನಾಯಿ ಅಕ್ಕನ ಹಿಂದೆ ಹೋಯಿತು. ಹಿರಿಯೂರು ಕಡೆಗೆ ಹೇಳಿದ್ದ ಕುರಿಯನ್ನು ಅಕ್ಕ ತಾನೇ ನಡೆಸಿಕೊಂಡು ಹೋಗಿ ಕೊಟ್ಟು ಬಂದಳು. ಆ ಹೆಂಗಸು ಇನ್ನೂ ಇದ್ದಳಂತೆ, ಕಣ್ಣು ಕಾಣುತ್ತಿರಲಿಲ್ಲವಂತೆ. ವಿಷಯ ಕೇಳಿ ಕುರಿಯ ಕಿವಿ ತಡವಿ, ‘ನನಗೆ ಆವಾಗ್ಲೇ ಗೊತ್ತಿತ್ತು, ಎಡಗಿವಿ ಸೀಳಿದ ಕುರಿ ಅಂತ’ ಎಂದಳಂತೆ. ಗೊತ್ತಿದ್ದೂ ಯಾಕೆ ಅವನನ್ನೇ ಹಿಡಿದು ಕೇಳಲಿಲ್ಲ ಎಂದದ್ದಕ್ಕೆ, ‘ತಾನೇ ಬರ್ತಾನೆ ಅಂದ್ಕಂಡೆ, ತಡ ಮಾಡ್ದ’ ಎಂದಳಂತೆ.

ನಡೆಯದೆ ಉಳಿದದ್ದು ಹೊಲ ಒಂದೇ. ಖಾತೆ ಬದಲಾಯಿಸಲು ಮಗ ಕಾಗದ ತೆಗೆದುಕೊಂಡು ತಾಲ್ಲೂಕು ಕಚೇರಿಗೆ ಹೋದ. ಮೋಸ ಮಾಡುವ ಮನಸ್ಸಿದ್ದರೆ ಅವತ್ತೇ ಅದನ್ನು ಒಲೆಗೆ ಹಾಕಬಹುದಿತ್ತು, ಹಾಕಲಿಲ್ಲ. ಈ ಕಾಗದದ ಮೇಲೆ ಆಗುವುದಿಲ್ಲ, ವಕೀಲರನ್ನು ಕೇಳಿ ಎಂದು ಅಲ್ಲಿ ಹೇಳಿ ಕಳಿಸಿದರು. ವಾಪಸು ಬಂದವನು ಕಾಗದವನ್ನು ಅಕ್ಕನ ಕೈಗೆ ಕೊಟ್ಟು ಹಟ್ಟಿಯ ಕಡೆ ಹೋದ. ನಾನು ಅಕ್ಕನನ್ನು ಕರೆದುಕೊಂಡು ಹೊಸದುರ್ಗಕ್ಕೆ ಹೋದೆ. ದಾರಿಯುದ್ದಕ್ಕೂ ಅವಳಿಗೆ ಧೈರ್ಯ ಹೇಳುತ್ತಿದ್ದೆ, ಅವರಿಗೆ ಓದಲು ಬಂದಿಲ್ಲ ಎಂದೆ.

ವಕೀಲರು ವಯಸ್ಸಾದವರು, ಸಮಾಧಾನಿ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಅಕ್ಷರ ಮುತ್ತು ಪೋಣಿಸಿದಂಗೈತಮ್ಮ’ ಎಂದರು. ನಾನು ಹಿಗ್ಗಿದೆ, ಅಲ್ಲೂ ಹಿಗ್ಗಿದೆ.

‘ಆದ್ರೆ ಇದು ಉಯಿಲಲ್ಲ’ ಎಂದರು. ‘ನಾನು ಸತ್ತ ಮೇಲೆ ಇಂಥವರಿಗೆ ಅಂತ ಬರೆದ್ರೆ ಅದು ಉಯಿಲು. ಬಿಳಿ ಹಾಳೆ ಸಾಕು. ಇವತ್ತೇ ಕೊಟ್ಟೆ ಅಂತ ಬರೆದ್ರೆ ಅದು ದಾನ. ಹೊಲ ಮನೆ ದಾನ ಕೊಡೋದಾದ್ರೆ ಛಾಪಾ ಕಾಗದ ಬೇಕು, ರಿಜಿಸ್ಟರ್ ಆಗ್ಬೇಕು. ಕೊಟ್ಟೋನು ಬದುಕಿರಾಗಲೇ ಆಗ್ಬೇಕು. ಈಗ ಇದು ಬರೀ ಹಾಳೆ.’ ಕನ್ನಡಕ ತೆಗೆದು ಕೇಳಿದರು: ‘ಇದನ್ನ ಬರೆದ ಪುಣ್ಯಾತ್ಮರು ಯಾರು?’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನಗೆ ಅಷ್ಟು ಪ್ರಾಮಾಣಿಕತೆಯೂ ಇರಲಿಲ್ಲ. ಇಂಕು ಹತ್ತಿದ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡೆ. ಅಕ್ಕ ನನ್ನ ಕಡೆ ತಿರುಗಿಯೂ ನೋಡದೆ ಹೇಳಿದಳು: ‘ಬರೆದೋರು ಒಳ್ಳೇರು ಸ್ವಾಮಿ. ನಮ್ಮವ್ವ ಅತ್ಲು, ಅದಕ್ಕೆ ಹಂಗೆ ಬರೆದ್ರು.’

ಇನ್ನೇನೂ ದಾರಿಯಿಲ್ಲವೇ ಎಂದು ನಾನು ಕೇಳಿದೆ. ಮಗಳಿಗೂ ಕಾನೂನಿನ ಪ್ರಕಾರ ಒಂದು ಪಾಲು ಇದೆ, ಅಣ್ಣನ ಮೇಲೆ ದಾವೆ ಹಾಕಬೇಕು, ವರ್ಷಗಟ್ಟಲೆ ಓಡಾಡಬೇಕು ಎಂದರು ವಕೀಲರು. ಅಕ್ಕ ಎದ್ದು ನಿಂತು ಕೈಮುಗಿದಳು. ‘ಅಣ್ಣನ ಮ್ಯಾಲೆ ದಾವೆ ಹಾಕಿ ಸಂಜೆ ಯಾರ ಮನೀಗೆ ಹೋಗ್ಲಿ ಸ್ವಾಮಿ?’ ಎಂದಳು.

ಬಸ್ಸಿನಲ್ಲಿ ನನಗೆ ಅವಳ ಮುಖ ನೋಡಲಾಗಲಿಲ್ಲ. ಅವಳು ಮಡಿಲಿನಿಂದ ಹುರಿದ ಕಡಲೆಕಾಯಿ ತೆಗೆದು, ಸಿಪ್ಪೆ ಸುಲಿದು ನನ್ನ ಕೈಗೆ ಹಾಕಿದಳು. ‘ತಿನ್ರಿ, ಬೆಳಗ್ಗಿಂದ ಏನೂ ತಿಂದಿಲ್ಲ ನೀವು.’ ತಿಂದೆ. ತಪ್ಪು ನನ್ನದು ಅಕ್ಕ ಎಂಬ ಮೂರು ಶಬ್ದ ಹೊರಗೆ ಬರಲಿಲ್ಲ, ಕಡಲೆಕಾಯಿ ಮಾತ್ರ ಒಳಗೆ ಇಳಿಯಿತು.

ಅಜ್ಜಿ ನನ್ನನ್ನು ಹಿತ್ತಿಲಿಗೆ ಕರೆದು ಕೇಳಿದಳು. ಅವಳ ಕೊರಳು ಆಗ ಬರಿದಾಗಿತ್ತು. ‘ನನ್ನ ಮಾತಿನಿಂದ ಕೆಡ್ತಾ ತಾಯಿ?’ ‘ಇಲ್ಲ ಅಜ್ಜಿ, ಕಾನೂನೇ ಹಾಗೆ’ ಎಂದೆ. ನಾನು ಆಡಿದ ಸುಳ್ಳುಗಳಲ್ಲಿ ಇದೊಂದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅವಳ ಮೇಲೆ ಸಿಟ್ಟು ಬಂದಿರಲಿಲ್ಲ ಎಂದಲ್ಲ. ಒಂದು ರಾತ್ರಿಯೆಲ್ಲ ಅವಳನ್ನು ಬೈದುಕೊಂಡಿದ್ದೆ. ಆದರೆ ಅವಳು ಗಂಡನನ್ನು ಉಳಿಸಿಕೊಳ್ಳಲು ತನಗೆ ತಿಳಿದದ್ದು ಮಾಡಿದಳು. ತಿಳಿದವಳ ಹಾಗೆ ಕೂತಿದ್ದವಳು ನಾನು.

ಆಮೇಲಿನದು ಜಗಳವಿಲ್ಲದೆ ನಡೆಯಿತು. ‘ಅಪ್ಪನ ಮಾತು ಮೀರೋನಲ್ಲ ನಾನು. ಕಾಗದನೇ ಇಲ್ಲ ಅಂದ್ಮ್ಯಾಲೆ ನಂದೇನು ತಪ್ಪೈತ್ರಿ? ನನಗೂ ನಾಕು ಮಕ್ಳವೆ’ ಎಂದು ಮಗ ನನ್ನನ್ನೇ ಕೇಳಿದ. ಆ ವರ್ಷ ಕೆರೆ ಕೆಳಗಿನ ಹೊಲ ಅವನೇ ಉತ್ತ. ಕೊಟ್ಟಿಗೆ ಪಕ್ಕದ ಕೋಣೆಗೆ ಮೊದಲು ಎರಡು ರಾಗಿ ಚೀಲ ಬಂದವು, ಆಮೇಲೆ ನೇಗಿಲು, ನೊಗ. ಅಕ್ಕನ ಚಾಪೆ ಪಡಸಾಲೆಗೆ ಬಂತು, ಅಲ್ಲಿಂದ ಜಗುಲಿಗೆ. ಯಾರೂ ಹೋಗು ಎನ್ನಲಿಲ್ಲ. ಹೋಗು ಎನ್ನುವ ತನಕ ಕಾಯುವವಳು ಅವಳಲ್ಲ. ಹೊಳಲ್ಕೆರೆ ಕಡೆ ಗಂಡನ ದೂರದ ಸಂಬಂಧಿಕರೊಬ್ಬರು ಕುರಿ ಹಟ್ಟಿಯ ಪಕ್ಕ ಒಂದು ಗುಡಿಸಲಿಗೆ ಜಾಗ ಕೊಡುತ್ತೇವೆ ಎಂದಿದ್ದರಂತೆ.

ಅವಳು ಹೊರಟ ದಿನ ನಾನು ಶಾಲೆಯ ಕಿಟಕಿಯಿಂದ ನೋಡುತ್ತಿದ್ದೆ. ಹೊರಗೆ ಹೋಗುವ ಮುಖ ಇರಲಿಲ್ಲ. ಅಣ್ಣನೇ ಹಟ್ಟಿಯ ಬಾಗಿಲು ತೆಗೆದು ನಿಂತು, ಬಲಗಿವಿ ನೋಡಿ ನೋಡಿ ಹನ್ನೆರಡು ಕುರಿ ಬೇರೆ ಮಾಡಿದ, ಅವುಗಳ ಮರಿಗಳನ್ನೂ ಹುಡುಕಿ ಹುಡುಕಿ ತಾಯಿಯ ಹಿಂದೆ ಬಿಟ್ಟ. ಒಂದು ಮರಿ ಯಾವುದರದೆಂದು ಗೊತ್ತಾಗದೆ ಬಹಳ ಹೊತ್ತು ಒದ್ದಾಡಿ, ಕೊನೆಗೆ ಅದನ್ನೂ ಅವಳ ಕಡೆಗೇ ತಳ್ಳಿದ. ಹೊಲ ಬಿಡದವನು ಮರಿ ಬಿಟ್ಟ. ‘ನಾನೇ ಹಿಡ್ದಿದ್ದೆ’ ಎಂದು ಪಕ್ಕದವರಿಗೆ ಹೇಳುತ್ತಿದ್ದದ್ದು ಕೇಳಿಸಿತು. ಮುಂದಿನ ವರ್ಷ ನಾನು ವರ್ಗ ಮಾಡಿಸಿಕೊಂಡೆ. ಕಾರಣ ಕೇಳಿದವರಿಗೆ ನೀರು ಒಗ್ಗಲಿಲ್ಲ ಎಂದೆ.

ಆ ದಶಕದ ಕೊನೆಯ ಹೊತ್ತಿಗೆ, ಎರಡು ಊರು ಸುತ್ತಿ, ಹೊಳಲ್ಕೆರೆ ತಾಲ್ಲೂಕಿಗೆ ಬಂದು ಬಿ.ದುರ್ಗದ ಹತ್ತಿರದ ಒಂದು ಶಾಲೆಯಲ್ಲಿದ್ದೆ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಕುರಿಗಳು ಶಾಲೆಯ ಬೇಲಿ ಒರಸಿಕೊಂಡು ಹೋಗುತ್ತಿದ್ದವು. ಸುಮ್ಮನೆ ನೋಡುತ್ತಿದ್ದವಳಿಗೆ ಬಲಗಿವಿಯ ಎರಡು ಕಚ್ಚು ಕಂಡವು. ಒಂದಕ್ಕಲ್ಲ, ಎಲ್ಲಕ್ಕೂ. ತಲೆಯೆತ್ತಿ ನೋಡುವ ಮೊದಲೇ ಯಾರಿರುತ್ತಾರೆ ಎಂದು ಗೊತ್ತಾಯಿತು, ಒಳಗೆ ಹೋಗಿ ಅಡಗಿಕೊಳ್ಳಬೇಕು ಎನಿಸಿತು.

‘ಟೀಚರಮ್ಮ ಅಲ್ವೇನ್ರಿ?’ ಎಂದಳು ಅಕ್ಕ. ಕೂದಲು ನೆರೆತಿತ್ತು, ಬೆನ್ನು ನೆಟ್ಟಗಿತ್ತು. ‘ನೀವು ಇಲ್ಲಿಗೆ ಬಂದೀರಿ ಅಂತ ಕೇಳಿದ್ದೆ. ನಿಮ್ಮನ್ನೇ ಹುಡುಕ್ಕಂಡು ಬಂದೆ. ಒಂದು ಕಾಗದ ಬರೆದು ಕೊಡ್ರಿ.’

ನಾನು ಬೇಡ ಎಂದೆ. ಬೇರೆ ಯಾರ ಹತ್ತಿರವಾದರೂ ಬರೆಸು, ನನ್ನ ಕೈ ಒಳ್ಳೆಯದಲ್ಲ ಎಂದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ. ಮನೆಯಿಲ್ಲದವರಿಗೆ ಸರ್ಕಾರ ಹಂಚಿದ ಜಾಗದಲ್ಲಿ ಅವಳಿಗೂ ಒಂದು ತುಂಡು ಸಿಕ್ಕಿತ್ತು. ಹಕ್ಕುಪತ್ರ ಅವಳ ಹೆಸರಿಗೇ. ಒಂದು ಕೋಣೆ ಕಟ್ಟಿಕೊಂಡಿದ್ದಳು, ಬಾಗಿಲಿಟ್ಟಿದ್ದಳು. ಅದನ್ನು ಅಣ್ಣನ ದೊಡ್ಡ ಮಗಳಿಗೆ ಬರೆಯಬೇಕು. ಆ ಹುಡುಗಿಯನ್ನು ಮದುವೆ ಮಾಡಿ ಕೊಟ್ಟು ಎರಡು ವರ್ಷಕ್ಕೆ ಗಂಡ ಬಿಟ್ಟಿದ್ದ. ತವರಿನಲ್ಲಿ ತಮ್ಮಂದಿರು ಬೆಳೆದಿದ್ದರು, ಅವಳ ಚಾಪೆಯೂ ಜಗುಲಿಗೆ ಬಂದಿತ್ತು. ಅಣ್ಣನೇ ಕರೆತಂದು ಅಕ್ಕನ ಹತ್ತಿರ ಬಿಟ್ಟು, ಬಾಗಿಲ ಹೊರಗೆ ನಿಂತೇ ನೀರು ಕುಡಿದು ಹೋಗಿದ್ದನಂತೆ.

‘ಕುರಿ ಆಗ್ಲೇ ಕೊಟ್ಟಾತು, ಅವಳದಕ್ಕೆ ಇನ್ನೊಂದು ಕಚ್ಚು ಹಾಕಿದೀನಿ. ಮನೀಗೆ ಕಿವಿ ಇಲ್ವಲ್ಲ’ ಎಂದು ನಕ್ಕಳು.

‘ನಿನಗೇನಾಗಿದೆ ಅಕ್ಕ, ಗಟ್ಟಿಯಾಗಿದ್ದೀಯ. ಈಗಲೇ ಯಾಕೆ?’

‘ಕಾಯ್ಲೆ ಬಿದ್ಮ್ಯಾಲೆ ಬರೆಸಿದ್ರೆ ಯಾರಾರ ಅಳಾಕೆ ಬರ್ತಾರೆ. ಈಗ ನನ್ನ ಕೊರಳಾಗೆ ತಾಳಿ ಇಲ್ಲ, ನನಗೋಸ್ಕರ ತಾಳಿ ಹಿಡ್ಕಂಡು ಅಳೋರೂ ಇಲ್ಲ. ಇದೇ ಒಳ್ಳೆ ಹೊತ್ತು. ಸತ್ತ ಮ್ಯಾಲೆ ಅಂತನೇ ಬರೀರಿ.’

ಶಾಲೆಯ ಜಗುಲಿಯಲ್ಲಿ ಕೂತು ಬರೆದೆ. ಮೇಲೆ ಉಯಿಲು ಎಂದು ದಪ್ಪಗೆ ಬರೆದೆ. ನಮ್ಮ ಹೆಡ್ಮಾಸ್ಟರನ್ನೂ ಇನ್ನೊಬ್ಬರನ್ನೂ ಸಾಕ್ಷಿಗೆ ಕರೆದೆ. ಆ ಮಾತಿನ ಹತ್ತಿರ ಬಂದಾಗ ಕೈ ನಿಂತಿತು, ಅವಳು ಪಕ್ಕದಲ್ಲಿ ಉಸಿರಾಡುತ್ತಾ ಕೂತಿದ್ದಳು. ಅಜ್ಜಿಯ ಸಂಕಟ ಏನೆಂದು ನನಗೆ ಅರ್ಥವಾದದ್ದು ಆಗಲೇ. ಬರೆದೆ. ಗಟ್ಟಿಯಾಗಿ ಓದಿ ಹೇಳಿದೆ.

‘ಆ ಮಾತು ಎಲ್ಲೈತೆ ತೋರಿಸ್ರಿ’ ಎಂದಳು.

ಅವಳಿಗೆ ಓದಲು ಬರುವುದಿಲ್ಲ. ‘ಸತ್ತ ಮೇಲೆ’ ಎಂದಿದ್ದ ಕಡೆ ಬೆರಳಿಟ್ಟು ತೋರಿಸಿದೆ. ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಹೆಬ್ಬೆರಳನ್ನು ಅದರ ಮೇಲೆ ಮೆಲ್ಲಗೆ ಇಟ್ಟಳು. ಮಾತು ಪೂರ್ತಿ ಮುಚ್ಚಿಹೋಯಿತು.

‘ಇಷ್ಟೇ ಏನ್ರಿ?’ ಎಂದಳು. ‘ನನ್ನ ಬೆರಳಿನಷ್ಟೂ ಇಲ್ಲ.’

‘ತಪ್ಪು ನನ್ನದು ಅಕ್ಕ’ ಎಂದೆ.

‘ಗೊತ್ತೈತೆ’ ಎಂದಳು. ಬೆರಳು ತೆಗೆದು, ಮಾತು ಅಲ್ಲೇ ಇದೆಯೇ ಎಂದು ಇನ್ನೊಮ್ಮೆ ನೋಡಿಕೊಂಡು, ‘ಹೆಬ್ಬೆಟ್ಟಿಗೆ ಇಂಕು ಹಚ್ರಿ’ ಎಂದು ಕೈಯನ್ನು ನನ್ನ ಮುಂದೆ ಚಾಚಿದಳು.